ಅಲಮೇಲುವಿನ ದಿಬ್ಬಣ

ಹೊಳೆ ದಾಟುವ ಮಾತನ್ನು ನಮ್ಮ ಊರಿನಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ನಡುಗಡ್ಡೆ ದೂರ ಸರಿಯುತ್ತದೆ. ಯಾವ ದಿನ ಹೊರಡುವುದು, ದೋಣಿಯಲ್ಲಿ ಯಾರು ಯಾರು ಕೂರುವುದು ಎಂದು ನಾಲ್ಕು ಜನ ಸೇರಿ ಮಾತಾಡಿದರೆ ಸಾಕು, ಅಂಗೈಯಷ್ಟು ಕಾಣುತ್ತಿದ್ದ ನಡುಗಡ್ಡೆ ಮಾರನೆಯ ಬೆಳಗ್ಗೆ ಕಿರುಬೆರಳಿನ ಉಗುರಿನಷ್ಟಾಗಿರುತ್ತದೆ. ಆಮೇಲೆ ಎಷ್ಟು ಹುಟ್ಟು ಹಾಕಿದರೂ ಅದು ಹಿಂದೆ ಹಿಂದೆ ಹೋಗುತ್ತದೆ. ಹಿಂದೊಮ್ಮೆ ಹೊಸದಾಗಿ ಬಂದ ಅಮಲ್ದಾರರೊಬ್ಬರು ನಡುಗಡ್ಡೆಯನ್ನು ಅಳೆಯಲು ಹೋಗುವುದಾಗಿ ಊರಲ್ಲೆಲ್ಲ ತಮಟೆ ಹೊಡೆಸಿದರು. ಬೆಳಗ್ಗೆ ಹೊರಟವರು ದಿನವೆಲ್ಲ ದೋಣಿಯಲ್ಲೇ ಕೂತು, ಬುತ್ತಿ ಉಂಡು, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಸಿಕೊಂಡು, ಹೊರಟ ಕಟ್ಟೆಗೇ ಬಂದಿಳಿದರು. ಪಾಪ, ಒಳ್ಳೆಯ ಮನುಷ್ಯ. ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ. ಹೇಳಬೇಕಾದರೂ ಹೇಗೆ ಹೇಳುವುದು? ಹೋಗಿ ಬಂದ ಮೇಲೆ ಮಾತ್ರ ಎಷ್ಟು ಮಾತಾಡಿದರೂ ಅಡ್ಡಿಯಿಲ್ಲ. ಆಗಿಹೋದದ್ದರ ಮೇಲೆ ಹೊಳೆಗೆ ಮುನಿಸಿಲ್ಲ. ಆದ್ದರಿಂದ ಈಗ ಹೇಳುತ್ತಿದ್ದೇನೆ.

ನಮ್ಮ ದಡದಲ್ಲಿ ಬರೀ ಕಲ್ಲು. ನಡುಗಡ್ಡೆಯಲ್ಲಿ ಮೊಣಕಾಲುದ್ದ ಹುಲ್ಲು, ಜಾಲಿಯ ಕಾಯಿ, ನೆರಳು. ಊರಿನಲ್ಲಿ ಮೇಕೆ ಇಟ್ಟುಕೊಂಡಿರುವ ಏಳು ಮನೆಯವರು ಚಳಿಗಾಲದಲ್ಲಿ ಮೇಕೆಗಳನ್ನು ದೋಣಿಯಲ್ಲಿ ಅಲ್ಲಿಗೆ ಸಾಗಿಸಿ ಬಿಟ್ಟು ಬರುತ್ತೇವೆ. ಕಾಯುವವರು ಬೇಕಿಲ್ಲ. ತೋಳವಿಲ್ಲ, ಕಳ್ಳರಿಲ್ಲ. ಮೇದು, ಮರಿ ಹಾಕಿ, ಮೈತುಂಬಿಕೊಂಡಿರುತ್ತವೆ. ಆದರೆ ಮೃಗಶಿರೆಯ ಮಳೆ ಮೇಲುನಾಡಿನಲ್ಲಿ ಹಿಡಿಯುವ ಮುಂಚೆ ಅವನ್ನು ಕರೆತರಲೇಬೇಕು. ಹೊಳೆ ತುಂಬಿದರೆ ನಡುಗಡ್ಡೆಯ ಮೇಲೆ ಆಳುದ್ದ ನೀರು ಹರಿಯುತ್ತದೆ.

ಹೀಗೆ ವರ್ಷಕ್ಕೆ ಎರಡು ಸಲ ದಾಟಬೇಕು, ಏಳು ಮನೆಯವರೂ ಕೂಡಿ ದಾಟಬೇಕು, ಆದರೆ ಮಾತಾಡಿಕೊಳ್ಳುವಂತಿಲ್ಲ. ನಾನು ಹರೆಯದವನಿದ್ದಾಗ ಚೀಟಿ ಬರೆದು ಹಂಚಿ ನೋಡಿದ್ದುಂಟು. ದೋಣಿಯ ಬುಡನ್ ಸಾಬರಿಗೆ ತುಟಿ ಆಡಿಸದೆ ಓದಲು ಬಾರದು. ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿಬಿಟ್ಟರು. ಆ ವರ್ಷ ಅರ್ಧ ಮೇಕೆಗಳು ಹೊಳೆಯ ಪಾಲಾದವು.

ಇದಕ್ಕೆ ದಾರಿ ಕಂಡುಕೊಟ್ಟವಳು ನನ್ನ ಹೆಂಡತಿ ಸಂಜೀವಮ್ಮ. ಮರುವರ್ಷ ಆಕೆ ಆರು ಮನೆಯವರನ್ನೂ ನಮ್ಮ ಹಗ್ಗದ ಅಂಗಡಿಯ ಜಗಲಿಗೆ ಕರೆಸಿ, ಎಲೆಅಡಿಕೆ ಇಟ್ಟು, "ನಮ್ಮ ಅಲಮೇಲುಗೆ ಒಂದು ಸಂಬಂಧ ಬಂದೈತೆ, ನೀವೆಲ್ಲ ನಿಂತು ನಡೆಸಿಕೊಡ್ಬೇಕು" ಎಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ನಮಗೆ ಮಕ್ಕಳಿಲ್ಲವೆಂದು ಎಲ್ಲರಿಗೂ ಗೊತ್ತು. ಕಡಲೆಪುರಿ ಮಾರುವ ಪುಟ್ಟನರಸಮ್ಮ ಮೊದಲು ಕಣ್ಣರಳಿಸಿದಳು. "ಅಯ್ಯೋ, ನನ್ನ ಸೊಸೆ ಮದುವೆಗೆ ನಾನು ಬರದೆ ಇರ್ತೀನಾ? ದಿಬ್ಬಣ ಎಂದು ಹೊರಡ್ತದೆ?" ಎಂದಳು. ಅಲ್ಲಿಂದ ದಾರಿ ಸಲೀಸಾಯಿತು. ದಿಬ್ಬಣವೆಂದರೆ ದೋಣಿ, ಮುಹೂರ್ತವೆಂದರೆ ಹೊರಡುವ ಹೊತ್ತು, ಬೀಗರ ಮನೆಯೆಂದರೆ ನಡುಗಡ್ಡೆ, ಹಿಂದಿರುಗಿ ಬರುವ ನೆಂಟರೆಂದರೆ ಮೇಕೆಗಳು. ಯಾರೂ ಇದನ್ನು ಬಿಡಿಸಿ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಹೊಳೆ ಅಲುಗಾಡಲಿಲ್ಲ. ಮದುವೆಯ ಮಾತಿಗೆ ಯಾವ ಹೊಳೆ ತಾನೇ ಅಡ್ಡ ಬಂದೀತು?

ಅಂದಿನಿಂದ ಚಳಿಗಾಲದಲ್ಲಿ ಮೇಕೆಗಳನ್ನು ಬಿಡಲು ಹೋಗುವುದು ಹೆಣ್ಣು ನೋಡುವ ಶಾಸ್ತ್ರ, ಬೇಸಿಗೆಯ ಕೊನೆಗೆ ಕರೆತರುವುದು ಮದುವೆ. ಪುಟ್ಟನರಸಮ್ಮ ಸೋದರತ್ತೆ. ದೋಣಿ ತಮ್ಮದೆಂಬ ಕಾರಣಕ್ಕೆ ಬುಡನ್ ಸಾಬರು ಗಂಡಿನ ತಂದೆ. ಬಡಗಿ ವೀರಾಚಾರಿ ಪಂಚಾಂಗ ಬಲ್ಲವನಾದ್ದರಿಂದ ಮುಹೂರ್ತ ಇಡುವವನು. ಮದುವೆ ಮುಗಿದುಹೋದರೆ ಮುಂದಿನ ವರ್ಷಕ್ಕೆ ಮಾತು ಸಿಗುವುದಿಲ್ಲವಲ್ಲ, ಅದಕ್ಕೂ ಸಂಜೀವಮ್ಮ ಒಂದು ಕ್ರಮ ಮಾಡಿದಳು. ಮೇಕೆಗಳೊಡನೆ ದೋಣಿ ಈ ದಡಕ್ಕೆ ಬಂದು ತಗಲಿದ ಕೂಡಲೆ ಅವಳು ಸೆರಗು ಕೊಡವಿ ಎದ್ದು, ಸಂಬಂಧ ಮುರಿದು ಬಿತ್ತೆಂದು ಸಾರುತ್ತಿದ್ದಳು. ಒಂದು ವರ್ಷ ವರನ ಚಿಕ್ಕಪ್ಪ ಪಂಕ್ತಿಯಲ್ಲಿ ಕೂತು ಪಕ್ಕದವರ ಎಲೆಯ ಹೋಳಿಗೆ ಎತ್ತಿದ. ಒಂದು ವರ್ಷ ವರನ ತಾಯಿ ಹುಡುಗಿ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾಳೆಯೇ ಎಂದು ಕೇಳಿದಳು. ಇನ್ನೊಂದು ವರ್ಷ ವರನಿಗೆ ಮೇಕೆ ಕಂಡರೆ ಸೀನು ಬರುತ್ತಿತ್ತು. "ಇಂಥ ಮನೆಗೆ ನನ್ನ ಮಗಳನ್ನ ಕೊಡಾಕಿಲ್ಲ!" ಎಂದು ಅವಳು ಸೊಂಟಕ್ಕೆ ಕೈ ಇಟ್ಟು ಕೂಗಿದರೆ ಬುಡನ್ ಸಾಬರು, "ಹೋಗ್ರೀ, ನಿಮ್ಮ ಹುಡುಗಿ ಏನು ಅರಮನೆಯವಳಾ?" ಎಂದು ಮೀಸೆ ತಿರುವುತ್ತಿದ್ದರು. ಎಲ್ಲರೂ ನಕ್ಕು, ಕಡಲೆಪುರಿ ತಿಂದು, ತಮ್ಮ ತಮ್ಮ ಮೇಕೆ ಹೊಡೆದುಕೊಂಡು ಮನೆಗೆ ಹೋಗುತ್ತಿದ್ದರು.

ಈ ಮಾತುಕತೆಯಲ್ಲಿ ನಾನು ಯಾವತ್ತೂ ಬಾಯಿ ಹಾಕಿದವನಲ್ಲ. ಮೂಲೆಯಲ್ಲಿ ಕೂತು ಹಗ್ಗ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಅಲಮೇಲುಗೆ ಒಂದು ವರ್ಷ ದಡಾರ ಬಂತು. ಒಂದು ವರ್ಷ ಹೊಲಿಗೆ ಕಲಿತಳು. ಹಾಗಲಕಾಯಿ ಮುಟ್ಟುವುದಿಲ್ಲವೆಂದು ಹಟ ಮಾಡಿದಳು. ನನ್ನ ಹಾಗೆ ಎಡಗೈಯವಳು, ತಾಯಿಯ ಹಾಗೆ ಬಾಯಿ ಜೋರಿನವಳು. ಜನ ಎದ್ದು ಹೋದ ಮೇಲೂ ಸಂಜೀವಮ್ಮ ಒಮ್ಮೊಮ್ಮೆ ರೊಟ್ಟಿ ತಟ್ಟುತ್ತ, "ಅವಳಿಗೆ ಹಸಿರು ಬಳೆ ಒಪ್ಪಲ್ಲ ಕಣ್ರಿ, ಕೆಂಪೇ ಆಗ್ಬೇಕು" ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಪ್ರತಿ ವರ್ಷ ದೋಣಿ ದಡ ಮುಟ್ಟಿ ಸಂಬಂಧ ಮುರಿಯಿತೆಂದು ಅವಳು ಕೂಗಿದಾಗ ನನ್ನ ಎದೆ ಹಗುರವಾಗುತ್ತಿತ್ತು. ಹುಡುಗಿ ಇನ್ನೊಂದು ವರ್ಷ ಮನೆಯಲ್ಲಿರುತ್ತಾಳಲ್ಲ.

ಈ ವರ್ಷ ಹೆಣ್ಣು ನೋಡುವ ಶಾಸ್ತ್ರ ಮುಗಿಸಿಕೊಂಡು ಬಂದ ಸಂಜೀವಮ್ಮ ಮಾಘ ಮಾಸದ ಚಳಿಯಲ್ಲಿ ಜ್ವರವೆಂದು ಮಲಗಿ ಮತ್ತೆ ಏಳಲಿಲ್ಲ. ಸ್ವಾಮಿ ವೆಂಕಟರಮಣ ಅವಳನ್ನು ಬಹಳ ನರಳಿಸಲಿಲ್ಲ. ಅದಕ್ಕೆ ನಾನು ಋಣಿ. ನಾವು ದಾಸರ ಒಕ್ಕಲು. ಶನಿವಾರ ಶನಿವಾರ ಶಂಖ ಊದಿ, ಜಾಗಟೆ ಬಾರಿಸಿ, ದೀಪಕ್ಕೆ ಅಡ್ಡಬೀಳುವುದು ನಮ್ಮ ಮನೆಯ ನಡಾವಳಿ. ನಾನು ಶಂಖ ಊದುವಾಗ ಅವಳು ಅಂಗೈ ಅಡ್ಡ ಹಿಡಿದು ದೀಪ ಕಾಯುತ್ತಿದ್ದಳು. ಈಗಲೂ ಊದುತ್ತೇನೆ. ದೀಪ ಆರುತ್ತದೆ. ಮತ್ತೆ ಹಚ್ಚುತ್ತೇನೆ.

ವೈಶಾಖ ಕಳೆಯಿತು. ಗಾಳಿ ಪಡುವಣದಿಂದ ಬೀಸತೊಡಗಿತು. ಒಂದು ಬೆಳಗ್ಗೆ ಪುಟ್ಟನರಸಮ್ಮ, ಬುಡನ್ ಸಾಬರು, ವೀರಾಚಾರಿ ಮೂವರೂ ನನ್ನ ಜಗಲಿಗೆ ಬಂದು ಕೂತರು. ಕೊನೆಗೆ ಪುಟ್ಟನರಸಮ್ಮ ಕೆಮ್ಮಿ, "ತಿರುಮಲಣ್ಣ, ಬೀಗರು ಹೇಳಿ ಕಳಿಸವ್ರೆ. ಹುಡುಗಿ ಲಗ್ನದ ಮಾತು..." ಎಂದಳು.

ನಾನು ಹಗ್ಗದಿಂದ ಕಣ್ಣೆತ್ತಲಿಲ್ಲ. "ಸಾವಿನ ಮನೆ ಕಣಮ್ಮ. ವರ್ಷ ತುಂಬೋ ತನಕ ಈ ಹೊಸಲೊಳಗೆ ಶುಭಕಾರ್ಯದ ಮಾತು ಆಡಬಾರದು" ಎಂದೆ.

"ಅಲ್ಲ ಅಣ್ಣ, ಇದು..." ಎಂದು ಅವಳು ತಡೆದಳು. ಇದು ನಿಜವಾದ ಮದುವೆ ಅಲ್ಲವಲ್ಲ ಎಂದು ಅವಳ ಬಾಯಿಯ ತುದಿಗೆ ಬಂದಿತ್ತು. ಅದನ್ನು ಹೇಳುವ ಹಾಗಿಲ್ಲ. ಹೇಳಿದರೆ ಹೊಳೆ ಕೇಳಿಸಿಕೊಳ್ಳುತ್ತದೆ. ಹೊಳೆಯ ಮಾತು ಹಾಗಿರಲಿ, ಅಂದು ಅದನ್ನು ನನ್ನ ಮುಖಕ್ಕೆ ಹೇಳುವಷ್ಟು ಕಠಿಣರೂ ಅವರಲ್ಲ.

"ನನ್ನ ಪಾಲಿನವನ್ನೂ ನೀವೇ ಹಂಚಿಕೊಳ್ಳಿ" ಎಂದೆ. "ನನಗೆ ಇನ್ನು ಇಲ್ಲಿ ಏನಿದೆ? ಅಂಗಡಿ ಮುಚ್ಚಿ, ಸ್ವಾಮಿಯ ಬೆಟ್ಟಕ್ಕೆ ಹೋಗಿ ಸನ್ನಿಧಿಯಲ್ಲಿ ಕಸ ಗುಡಿಸಿಕೊಂಡು ಇದ್ದುಬಿಡುತ್ತೇನೆ."

ಬುಡನ್ ಸಾಬರು ಗಡ್ಡ ತುರಿಸಿಕೊಂಡು, "ಕಸ ಇಲ್ಲೂ ಐತಲ್ಲ ಮಾರಾಯ್ರೆ" ಎಂದು ನನ್ನ ಜಗಲಿಯ ತುಂಬ ಬಿದ್ದಿದ್ದ ನಾರನ್ನು ನೋಡಿದರು. ಯಾರೂ ನಗಲಿಲ್ಲ. ಮೂವರೂ ಎದ್ದು ಹೋದರು.

ಆ ಮೇಲೆ ಅವರು ಮದುವೆಯನ್ನು ಬಿಟ್ಟು ಬೇರೆ ಮಾತು ಹಿಡಿದು ನೋಡಿದರು. ಪುಟ್ಟನರಸಮ್ಮ ಹೊಸ ಮನೆ ಕಟ್ಟಿಸಿದ್ದಾಳೆಂದೂ ಅದರ ಗೃಹಪ್ರವೇಶವೆಂದೂ ಆರು ಮನೆಯವರು ಅವಳ ಪುರಿಬಟ್ಟಿಯ ಹಿಂದೆ ಸೇರಿದರು. ನಾನು ಹೋಗಲಿಲ್ಲ. ನಡೆದದ್ದನ್ನು ವೀರಾಚಾರಿ ಆಮೇಲೆ ಹೇಳಿದ. ಮದುವೆಯ ಮಾತಿನಲ್ಲಿ ಪಳಗಿದ ನಾಲಿಗೆಗಳಿಗೆ ಗೃಹಪ್ರವೇಶ ಒಗ್ಗಲಿಲ್ಲ. ವೀರಾಚಾರಿ ತೊಲೆಗಳೆಂದಾಗ ಕೆಲವರು ಮೇಕೆಗಳೆಂದುಕೊಂಡರು, ಕೆಲವರು ದೋಣಿಯ ಹುಟ್ಟೆಂದುಕೊಂಡರು. ಹೊಸ ಮನೆಯೊಳಕ್ಕೆ ಹಸುವನ್ನು ಯಾರು ನಡೆಸಬೇಕೆಂಬ ಮಾತು ಬಂತು. ಹಸು ಎಂದರೆ ಯಾರು ಎಂದು ತಿಳಿಯದೆ ಒಬ್ಬಳು, ತನ್ನನ್ನೇ ಅಂದರೆಂದು ಸಿಟ್ಟಾದಳು. "ಬಾಗಿಲು ಯಾವ ದಿಕ್ಕಿಗೆ?" ಎಂದು ಒಬ್ಬ ಕೇಳಿದರೆ, "ಬಾಗಿಲು ಕೆತ್ತೋಕೆ ಇನ್ನೂ ಮರವೇ ತಂದಿಲ್ಲ" ಎಂದು ವೀರಾಚಾರಿಯೇ ಮೈಮರೆತು ಬಡಗಿಯ ಉತ್ತರ ಕೊಟ್ಟ. ಅರ್ಧ ದಿನ ಕೇಳಿ ಕೇಳಿ ಬುಡನ್ ಸಾಬರ ತಲೆ ಕೆಟ್ಟುಹೋಯಿತು.

"ಬಾಗಿಲೂ ಬೇಡ, ತೊಲೆನೂ ಬೇಡ! ಸೋಮವಾರ ಬೆಳಗ್ಗೆ ದೋಣಿ ಬಿಡ್ಲಾ ಬ್ಯಾಡ್ವಾ? ನಡುಗಡ್ಡೆಯಿಂದ ಮೇಕೆ ತರೋದಾ ಇಲ್ವಾ? ಅಷ್ಟು ಹೇಳ್ರೋ!" ಎಂದು ಕೂಗಿಯೇ ಬಿಟ್ಟರು.

ಕೂಗಿದ ಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರಂತೆ. ಪುಟ್ಟನರಸಮ್ಮ ಅವರ ಬೆನ್ನಿಗೆ ಪುರಿಯ ಜರಡಿಯಿಂದ ಒಂದು ಕೊಟ್ಟಳಂತೆ. ಏನು ಮಾಡಿದರೆ ಏನು? ಅಂದು ಸಾಯಂಕಾಲ ನಾನು ಕಟ್ಟೆಗೆ ಹೋಗಿ ನೋಡಿದಾಗ ನಡುಗಡ್ಡೆ ಬಹಳ ದೂರ ಹೋಗಿತ್ತು. ಅಲ್ಲಿಯ ತನಕ ಗಾಳಿ ಬಂದಾಗಲೆಲ್ಲ ಮೇಕೆಗಳ ಕೂಗು ಊರಿಗೆ ಕೇಳುತ್ತಿತ್ತು. ಆ ಸಂಜೆ ಗಾಳಿ ಮಾತ್ರ ಬಂತು.

ಹೀಗಾದಾಗ ಮಾಡಬೇಕಾದದ್ದು ಒಂದೇ. ಸುಮ್ಮನಿರಬೇಕು. ಊರು ಆ ಕಡೆ ನೋಡದೆ, ಆ ಮಾತು ಎತ್ತದೆ ತನ್ನ ಪಾಡಿಗೆ ತಾನಿದ್ದರೆ ನಡುಗಡ್ಡೆ ಮುನಿಸು ಬಿಟ್ಟು ಸ್ವಲ್ಪ ಸ್ವಲ್ಪವೇ ಹತ್ತಿರ ಬರುತ್ತದೆ. ನಾವೂ ಹಾಗೆಯೇ ಇದ್ದೆವು. ಹೆಂಗಸರು ಹೊಳೆಗೆ ಬೆನ್ನು ಹಾಕಿ ಬಟ್ಟೆ ಒಗೆದರು. ಬುಡನ್ ಸಾಬರು ಕಟ್ಟೆಯ ಕಡೆಗೇ ಬಾರದೆ ಮನೆಯಲ್ಲಿ ಕೂತು ಬಲೆ ಹೆಣೆದರು. ಆದರೆ ಮೇಲುನಾಡಿನ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿತು. ಅದು ಯಾರು ಸುಮ್ಮನಿದ್ದರೂ ಕಾಯುವಂಥದಲ್ಲ. ಒಂದು ದಿನ ನೀರಿಗೆ ಕೆಮ್ಮಣ್ಣಿನ ಬಣ್ಣದ ಎಳೆ ಬಂತು. ಅಷ್ಟು ಹೊತ್ತಿಗೆ ನಡುಗಡ್ಡೆಯೂ ತನ್ನ ಜಾಗಕ್ಕೆ ಬಂದಿತ್ತು. ಇನ್ನೊಂದು ಸಲ ಯಾರಾದರೂ ಬಾಯಿ ತಪ್ಪಿದರೆ ಈ ವರ್ಷ ಮತ್ತೆ ದಾಟುವ ಮಾತಿಲ್ಲ. ಪುಟ್ಟನರಸಮ್ಮನಿಗೆ ಆ ಮೇಕೆಗಳೇ ಬದುಕು. ಉಳಿದವರಿಗೂ ಹೆಚ್ಚು ಕಡಿಮೆ ಹಾಗೆಯೇ.

ಶುಕ್ರವಾರ ಮಧ್ಯಾಹ್ನ ವೀರಾಚಾರಿ ಒಬ್ಬನೇ ಬಂದ. ಕಂಕುಳಲ್ಲಿ ಪಂಚಾಂಗವಿತ್ತು. ನೀರು ಕೇಳಿ ಕುಡಿದು, ಪಂಚಾಂಗ ತೆರೆಯದೆ ತೊಡೆಯ ಮೇಲಿಟ್ಟುಕೊಂಡು, "ಒಂದು ಶಾಸ್ತ್ರದ ಮಾತಿದೆ, ಹೇಳಲೇನು?" ಎಂದ.

"ಹೇಳು."

"ತಾಯಿ ಹೋದ ಮನೇಲಿ ಬೆಳೆದ ಮಗಳಿದ್ರೆ, ವರ್ಷದೊಳಗೇ ಧಾರೆ ಎರೆದುಬಿಡಬೇಕು ಅಂತದೆ. ಅದಕ್ಕೆ ದೋಷ ಇಲ್ಲ. ಕನ್ಯಾದಾನದ ಪುಣ್ಯ ಹೋದವಳಿಗೂ ಸೇರ್ತದೆ. ವರ್ಷ ದಾಟಿಸಿದ್ರೆ ಮೂರು ವರ್ಷ ಕಾಯಬೇಕು."

ನನಗೂ ಅದು ಗೊತ್ತಿದ್ದದ್ದೇ. ನಮ್ಮ ತಾಯಿ ತೀರಿಕೊಂಡಾಗ ನನ್ನ ತಂಗಿಯ ಮದುವೆ ಹಾಗೆಯೇ ಆಯಿತು. ದುಃಖದಲ್ಲಿ ನೆನಪಿಗೆ ಬಂದಿರಲಿಲ್ಲ. ಅಥವಾ ಬಂದದ್ದನ್ನು ನಾನೇ ಹಿಂದಕ್ಕೆ ತಳ್ಳಿದ್ದೆನೋ ಏನೋ.

"ಆದರೆ ಇನ್ನೊಂದಿದೆ" ಎಂದ ವೀರಾಚಾರಿ. ಅವನ ದನಿ ಸಣ್ಣದಾಯಿತು. "ಅತ್ತಿಗೆ ತಾನೇ ನೋಡಿ ಒಪ್ಪಿ ಹೋದ ವರ. ಸತ್ತವರು ಒಪ್ಪಿದ ಸಂಬಂಧ ಮುರಿಯೋ ಹಾಗಿಲ್ಲ, ತಿರುಮಲಯ್ಯ. ಈ ಸಲ ಮಾತು ಶುರು ಮಾಡಿದ್ರೆ ಮದುವೆ ಪೂರ್ತಿ ಆಗಬೇಕು. ಹುಡುಗಿ ಹೋಗಬೇಕು."

ಅವನು ಇದನ್ನು ತಮಾಷೆಗೆ ಹೇಳಲಿಲ್ಲ. ಅಳತೆ ತಪ್ಪಿದ ಬಾಗಿಲನ್ನು ಎಂದೂ ಕೂರಿಸಿದವನಲ್ಲ ಅವನು. ನಾನೂ ತಮಾಷೆಯೆಂದು ಕೇಳಲಿಲ್ಲ. ಶಾಸ್ತ್ರ ಬೇಕಾದಾಗ ಒಂದು, ಬೇಡವಾದಾಗ ಒಂದು ಮಾಡಿಕೊಳ್ಳುವುದು ನಮ್ಮ ಮನೆತನದಲ್ಲಿಲ್ಲ. ಸಾವಿನ ಮನೆಯ ಕಟ್ಟಳೆ ಅಲಮೇಲುಗೆ ಅಂಟುವುದಾದರೆ ಈ ಕಟ್ಟಳೆಯೂ ಅಂಟಬೇಕು.

ಚಳಿಗಾಲದಲ್ಲಿ ಸಂಜೀವಮ್ಮ ಈ ವರನನ್ನು ಹೊಗಳಿದ್ದು ನೆನಪಾಯಿತು. ಮಾತು ಕಡಿಮೆ, ಕೆಲಸ ಜಾಸ್ತಿ. ಜೇನು ಬಿಡಿಸಬಲ್ಲ. ಮೇಕೆಮರಿ ಕಂಡರೆ ಎತ್ತಿಕೊಳ್ಳುತ್ತಾನೆ. "ಈ ಸಲದ ಹುಡುಗ ಒಳ್ಳೆಯವನು ಕಣ್ರಿ" ಎಂದಿದ್ದಳು. ಮಳೆಗಾಲದ ಹೊತ್ತಿಗೆ ಏನಾದರೊಂದು ಕೊರತೆ ಹುಡುಕುತ್ತಾಳೆಂದು ನಾನು ಸುಮ್ಮನಿದ್ದೆ. ಹುಡುಕದೆ ಹೋದಳು. ಅವಳಿದ್ದಿದ್ದರೆ ಏನು ಹೇಳುತ್ತಿದ್ದಳೆಂದು ಎಷ್ಟು ಯೋಚಿಸಿದರೂ ನನಗೆ ಆ ಹುಡುಗನಲ್ಲಿ ಒಂದು ಐಬೂ ಕಾಣಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಎರಡು ಒಲೆ, ಒಂದು ಮಣೆ, ಗೂಡಿನಲ್ಲಿ ಅವಳ ಅರಿಸಿನದ ಭರಣಿ. ಈ ಮನೆಯಲ್ಲಿ ಇನ್ನು ಉಳಿದಿದ್ದವಳು ಆ ಹುಡುಗಿ ಒಬ್ಬಳೇ. ಅವಳನ್ನೂ ಕಳಿಸಿದರೆ ನಾನು ಯಾರಿಗೆ ಹೂಂ ಎನ್ನಲಿ?

ಮಾರನೆಯ ದಿನ ಶನಿವಾರ. ಮಿಂದು, ನಾಮ ಹಾಕಿ, ಸ್ವಾಮಿಯ ಮುಂದೆ ಕೂತೆ. "ಹೆಣ್ಣು ಹೆತ್ತವರು ಎಲ್ಲರೂ ಮಾಡುವುದೇ ತಾನೆ, ತಂದೆ, ನನಗೂ ಮಾಡಿಸು" ಎಂದಷ್ಟೇ ಹೇಳಿ ಜಾಗಟೆ ಎತ್ತಿದೆ. ಜಾಗಟೆಯ ಸದ್ದು ಕೇಳಿ ಬೀದಿಯವರು ಬಾಗಿಲಿಗೆ ಬರುವುದು ವಾಡಿಕೆ. ಪುಟ್ಟನರಸಮ್ಮ ಬಂದಳು. ವೀರಾಚಾರಿ ಹೆಂಡತಿಯೊಡನೆ ಬಂದ. ಮುಖ ಸಣ್ಣದು ಮಾಡಿಕೊಂಡು ಎಲ್ಲರ ಹಿಂದೆ ಬುಡನ್ ಸಾಬರು ಬಂದು ನಿಂತರು. ನಾನು ತೀರ್ಥ ಕೊಟ್ಟು, ಜಗಲಿಗೆ ಬಂದು, ಎಲೆಅಡಿಕೆಯ ತಟ್ಟೆ ನಡುವೆ ಇಟ್ಟೆ.

"ನಮ್ಮ ಅಲಮೇಲುವಿನ ಲಗ್ನ" ಎಂದೆ. ತಟ್ಟೆಯನ್ನು ಅವರ ಕಡೆಗೆ ಸರಿಸಿದೆ. "ನೀವೆಲ್ಲ ನಿಂತು ನಡೆಸಿಕೊಡಬೇಕು."

ಪುಟ್ಟನರಸಮ್ಮ ಸೆರಗಿನಿಂದ ಮೂಗು ಒರೆಸಿ, ಗಟ್ಟಿ ದನಿಯಲ್ಲಿ, "ಅದೆಲ್ಲ ಸರಿ ಅಣ್ಣಯ್ಯ, ಹುಡುಗಿಗೆ ಸೀರೆ ಯಾವ್ದು? ಈಗ್ಲೇ ಹೇಳಿಬಿಡು. ಗಂಡಸರು ಕೊನೇ ಗಳಿಗೇಲಿ ಗೋಣಿ ತಾಟು ಸುತ್ತಿ ಕಳಿಸಿಬಿಡ್ತಾರೆ" ಎಂದಳು.

"ಅವಳ ತಾಯಿಯ ಧಾರೆ ಸೀರೆ ಇದೆ. ಬಳೆ ಕೆಂಪು. ಹಸಿರು ಒಪ್ಪುವುದಿಲ್ಲ ಅವಳಿಗೆ."

ಪುಟ್ಟನರಸಮ್ಮ ನನ್ನನ್ನೇ ನೋಡಿದಳು. ಇಷ್ಟು ವರ್ಷ ಮೂಲೆಯಲ್ಲಿ ಕೂತು ಇವನು ಕೇಳಿಸಿಕೊಂಡಿದ್ದಾನೆಂದು ಅವಳಿಗೆ ಆಗ ಗೊತ್ತಾಯಿತೆಂದು ಕಾಣುತ್ತದೆ.

ಬುಡನ್ ಸಾಬರು ಪುರಿಬಟ್ಟಿಯ ಹಿಂದೆ ಕೂಗಾಡಿದ ನಾಚಿಕೆಯಲ್ಲಿ ಬಾಯಿ ಬಿಡಲೇ ಹೆದರುತ್ತಿದ್ದರು. "ಬೀಗರು ಏನೂ ಮಾತಾಡ್ತಾ ಇಲ್ಲವಲ್ಲ" ಎಂದೆ ನಾನೇ. "ವರದಕ್ಷಿಣೆ ಕೇಳಲು ಬಾಯಿ ಕಟ್ಟಿದೆಯೋ?"

ಅವರ ಮುಖ ಅರಳಿತು. "ನಮಗೇನೂ ಬ್ಯಾಡ. ಒಂದು ಒಳ್ಳೆ ಹಗ್ಗ ಕೊಡ್ರಿ ಸಾಕು. ಹೋದ ವರ್ಷದ್ದು ನೆಂಟರು ಅಗಿದು ಹಾಕವ್ರೆ."

"ನೆಂಟರು ಎಷ್ಟು ಜನ ಬಂದಾರು?"

"ಎಲ್ಲಾ ಮನೇಲೂ ಬಾಣಂತೀರು ಅವ್ರೆ. ಮಕ್ಕಳು ಮರಿ ಎಲ್ಲ ಸೇರಿ ಎರಡು ದಿಬ್ಬಣ ಆದೀತು. ಚಿಕ್ಕವನ್ನ ಮಡಿಲಲ್ಲಿ ಹಾಕ್ಕೊಂಡ್ರೆ ಒಂದರಲ್ಲೇ ಆಗ್ತದೆ. ಒಂದರಲ್ಲೇ ಮಾಡಾಣ, ಹವಾ ಚೆನ್ನಾಗಿಲ್ಲ."

ವೀರಾಚಾರಿ ಪಂಚಾಂಗ ಬಿಡಿಸಿ ಸೋಮವಾರ ಸೂರ್ಯೋದಯಕ್ಕೆ ಮುಹೂರ್ತ ಇಟ್ಟ. ಆಮೇಲೆ ತಲೆ ಕೆರೆದುಕೊಂಡ. "ತಿರುಮಲಯ್ಯ, ಧಾರೆಗೆ ನೀನು ಒಬ್ಬನೇ ಕೂರೋ ಹಾಗಿಲ್ಲ. ಜೋಡಿ ಬೇಕು. ಬೇಕಾದ್ರೆ ನಾನೂ ನನ್ನ ಹೆಂಡ್ತೀನೂ ಕೂತು..."

ಅವನು ಹೇಳಿದ್ದು ನ್ಯಾಯವಾದದ್ದೇ. ನಾನು ತಲೆ ತಗ್ಗಿಸಿದೆ. ಆಗಲಿ ಎನ್ನುವುದಕ್ಕೂ ನನ್ನಿಂದ ಆಗಲಿಲ್ಲ.

ಬುಡನ್ ಸಾಬರು ಎದ್ದು ನಿಂತರು. "ಏನ್ ಆಚಾರಿ, ಗಂಡಿನ ತಂದೆ ಯಾರಪ್ಪ ಇಲ್ಲಿ? ನಾನು ತಾನೆ? ನಮ್ಮ ಕಡೆಯಿಂದ ಆಕ್ಷೇಪಣೆ ಇಲ್ಲ. ಹುಡುಗಿನ ಸಾಕಿದೋನು ಇವನು, ಎರೆಯೋನೂ ಇವನೇ. ಬೇರೆ ಯಾರಾದ್ರೂ ಎರೆದ್ರೆ ನಾವು ಒಪ್ಪಾಕಿಲ್ಲ, ದಿಬ್ಬಣ ವಾಪಸ್!"

"ಶಾಸ್ತ್ರ..." ಎಂದ ವೀರಾಚಾರಿ.

"ನಿಮ್ಮ ಯಜಮಾನರು ಬೀಗರಿಗೆ ಎದುರು ಆಡ್ತಾರಲ್ಲ, ಇದ್ಯಾವ ಶಾಸ್ತ್ರ?" ಎಂದು ಪುಟ್ಟನರಸಮ್ಮ ಅವನ ಹೆಂಡತಿಯನ್ನು ಕೇಳಿದಳು. ಆಕೆ ಗಂಡನ ಕೈಯಿಂದ ಪಂಚಾಂಗ ತೆಗೆದು ಮುಚ್ಚಿದಳು. ವೀರಾಚಾರಿ, ಹೆಂಡತಿಯ ಬದಲಿಗೆ ಪಕ್ಕದಲ್ಲಿ ಒಂದು ಬಟ್ಟಲಡಿಕೆ ಇಟ್ಟುಕೊಂಡು ಕೂತರೆ ನಡೆಯುತ್ತದೆ ಎಂದು ಎಲ್ಲೋ ಕೇಳಿದ ನೆನಪು ಎಂದ. ಎಲ್ಲಿ ಕೇಳಿದ್ದನೋ ಅವನಿಗೇ ಗೊತ್ತು. ನಾನು ಕೇಳಲಿಲ್ಲ.

ಸೋಮವಾರ ಬೆಳಗಿನ ಜಾವ ನಡುಗಡ್ಡೆ ಕಣ್ಣೆದುರೇ ಇತ್ತು. ನೀರು ಕೆಂಪಗೆ, ಭಾರವಾಗಿ ಹರಿಯುತ್ತಿತ್ತು. ಏಳು ಮನೆಯವರೂ ಹತ್ತಿದೆವು. ದೋಣಿಯಲ್ಲಿ ಹೆಂಗಸರು ಸೋಬಾನೆ ಹೇಳಿದರು. ಬುಡನ್ ಸಾಬರು ಹುಟ್ಟು ಹಾಕುತ್ತಿದ್ದರು. ವರನಿಗೆ ಹೇನು ಜಾಸ್ತಿಯೆಂದು ಪುಟ್ಟನರಸಮ್ಮ ಹಾಡಿನಲ್ಲೇ ಸೇರಿಸಿದಳು. "ನಿಮ್ಮ ಸೋದರತ್ತೆಗೆ ಹಲ್ಲು ಕಮ್ಮಿ" ಎಂದು ಅವರು ತಿರುಗಿಸಿ ಹೇಳಿದರು. ನಾನು ದೋಣಿಯ ನಡುವೆ ಬಟ್ಟಲಡಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ನಡುನೀರಿಗೆ ಬಂದಾಗ ವೀರಾಚಾರಿ ಕಣ್ಣಿನಲ್ಲೇ ಸೂಚನೆ ಕೊಟ್ಟ. ತಂಬಿಗೆಯ ನೀರನ್ನು ಎಡಗೈಯಿಂದ ಬಗ್ಗಿಸಿ, ಬಲಗೈಯ ಅಂಗೈ ಮೇಲೆ ಹರಿಸಿ, ಹೊಳೆಗೆ ಧಾರೆ ಎರೆದೆ. ಹಾಡು ತಾನಾಗಿ ನಿಂತಿತು. ಹೊಳೆಯ ನೀರಿಗೆ ತಂಬಿಗೆಯ ನೀರು ಬಿದ್ದ ಸದ್ದು ಎಷ್ಟು ಸಣ್ಣದು! ಆದರೂ ಎಲ್ಲರಿಗೂ ಕೇಳಿತು.

ನಡುಗಡ್ಡೆಯ ಅರ್ಧಕ್ಕೆ ಆಗಲೇ ನೀರು ಹತ್ತಿತ್ತು. ಮೇಕೆಗಳು ದಿಬ್ಬದ ಮೇಲೆ ಒತ್ತೊತ್ತಾಗಿ ನಿಂತಿದ್ದವು. ನಮ್ಮನ್ನು ಕಂಡು ಒಮ್ಮೆಲೇ ಕೂಗಿಕೊಂಡವು. ಮೊಣಕಾಲು ನೀರಿನಲ್ಲಿ ನಿಂತು, ಸಾಲು ಹಿಡಿದು, ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಟ್ಟು ಅವನ್ನು ದೋಣಿಗೆ ಹತ್ತಿಸಿದೆವು. ಎಲ್ಲರ ಮಡಿಲಲ್ಲೂ ಮರಿಗಳು. ಸಂಜೀವಮ್ಮನ ಹಂಡಬಂಡದ ಮೇಕೆ ಅವಳಿ ಹಾಕಿತ್ತು. ಎರಡನ್ನೂ ನನ್ನ ಮಡಿಲಿಗೆ ಹಾಕಿದರು. ದೋಣಿಯ ಅಂಚು ನೀರಿನಿಂದ ನಾಲ್ಕೇ ಬೆರಳು ಮೇಲಿತ್ತು. ಯಾರೂ ಅಲುಗಾಡಲಿಲ್ಲ. ಹೊಳೆ ಕೊನೆಯ ತನಕ ಬಿಗುಮಾನವಿಲ್ಲದೆ ನಮ್ಮನ್ನು ಸಾಗಗೊಟ್ಟಿತು.

ದೋಣಿ ದಡಕ್ಕೆ ತಗಲಿತು. ಎಲ್ಲ ವರ್ಷವೂ ಈ ಹೊತ್ತಿಗೆ ಸಂಜೀವಮ್ಮ ಎದ್ದು ನಿಲ್ಲುತ್ತಿದ್ದಳು. ಯಾರೂ ಇಳಿಯಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಪುಟ್ಟನರಸಮ್ಮ ಬಗ್ಗಿ ನನ್ನ ಕಿವಿಯಲ್ಲಿ, "ಅಣ್ಣಯ್ಯ, ಎಲ್ಲಾರೂ ದಾಟಿ ಬಂದಾಯ್ತು. ನಿನಗೆ ಬ್ಯಾಡ ಅಂದ್ರೆ ಮುರಿದುಬಿಡು. ವರಂಗೆ ಹೇನು ಅಂತ ನಾನೇ ಹೇಳಿದೀನಲ್ಲ. ಶಾಸ್ತ್ರ ಗೀಸ್ತ್ರ ನಾವು ನೋಡ್ಕೋತೀವಿ" ಎಂದಳು. ವೀರಾಚಾರಿ ಕೂಡ ಬೇರೆಡೆಗೆ ಮುಖ ತಿರುಗಿಸಿಕೊಂಡು, ತನಗೆ ಕೇಳಿಸಲಿಲ್ಲವೆಂಬಂತೆ ಕೂತಿದ್ದ. ನನ್ನ ಮಗಳನ್ನು ನನಗೇ ಉಳಿಸಿಕೊಡಲು ಅವರೆಲ್ಲ ಸಿದ್ಧರಿದ್ದರು. ಅಷ್ಟೇ ನನಗೆ ಸಾಕಾಯಿತು.

ಮರಿಗಳನ್ನು ಕೆಳಗೆ ಬಿಟ್ಟು ಎದ್ದು ನಿಂತೆ. "ಮದುವೆ ಆಯಿತು" ಎಂದೆ. "ಹುಡುಗ ಒಳ್ಳೆಯವನು. ಮನೆ ಒಳ್ಳೆಯದು. ನನ್ನ ಮಗಳು ಗಂಡನ ಮನೆಯಲ್ಲಿದ್ದಾಳೆ."

ಪುಟ್ಟನರಸಮ್ಮ ಅತ್ತಳು. ಸುಳ್ಳು ಅಳುವಲ್ಲ, ಹೆಣ್ಣನ್ನು ಕಳಿಸಿಕೊಟ್ಟವರು ಅಳುವ ಹಾಗೆಯೇ ಅತ್ತಳು. ಅವಳನ್ನು ನೋಡಿ ಉಳಿದ ಹೆಂಗಸರು, ಅವರನ್ನು ನೋಡಿ ನಾನು. ಸಂಜೀವಮ್ಮ ಹೋದ ದಿನವೂ ನಾನು ಅಷ್ಟು ಅತ್ತಿರಲಿಲ್ಲ. ಮೇಕೆಗಳು ನಮ್ಮನ್ನು ಅಲ್ಲೇ ಬಿಟ್ಟು ತಾವೇ ಇಳಿದು ಊರಿನ ದಾರಿ ಹಿಡಿದವು.

ಜನ ಒಬ್ಬೊಬ್ಬರಾಗಿ ಹೋದರು. ಬುಡನ್ ಸಾಬರು ಸೊಂಟದ ತನಕ ನೀರಿನಲ್ಲಿ ನಿಂತು ದೋಣಿಯನ್ನು ಗೂಟಕ್ಕೆ ಕಟ್ಟುತ್ತಿದ್ದರು. ನಾನು ಅವರನ್ನು ದಾಟಿ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಕೂಗಿದರು.

"ಬೀಗರೇ, ಬೆಟ್ಟಕ್ಕೆ ಎಂದು ಹೊರಡ್ತೀರಿ?"

"ಯಾಕೆ?"

"ಆಷಾಢ ಹತ್ತಿರ ಬಂತಲ್ಲ. ಹೊಸ ಮದುವಣಗಿತ್ತೀನ ಆಷಾಢದಾಗೆ ಅತ್ತೆ ಮನೇಲಿ ಇಟ್ಕೋಬಾರದು ಅಂತಾರೆ ನಿಮ್ಮೋರು. ನಾವು ಕರ್ಕೊಂಡು ಬಂದು ತವರಲ್ಲಿ ಬಿಡ್ಬೇಕು. ಹುಡುಗಿ ಅಷ್ಟು ದೂರದಿಂದ ಬಂದು ಬಾಗಿಲಿಗೆ ಬೀಗ ನೋಡ್ಬೇಕಾ ಏನು?" ಗಂಟು ಬಿಗಿಯುತ್ತ, ನನ್ನ ಕಡೆ ನೋಡದೆಯೇ ಕೇಳಿದರು. "ಮನೇಲಿ ಇರ್ತೀರಲ್ಲ?"

ನಾನು ಮೆಟ್ಟಿಲ ಮೇಲೆ ನಿಂತೆ. ಮಗಳು ತವರಿಗೆ ಬರುವ ಮನೆಯಲ್ಲಿ ಆಗಬೇಕಾದ ಕೆಲಸ ಬಹಳ.

"ಇರ್ತೀನಿ" ಎಂದೆ.